ಹಿಡಿಯುವವನನ್ನು ಕೂರಿಸಿ ಒದೆಯುವವನನ್ನು ನಿಲ್ಲಿಸುವುದೇಕೆ?

"ಸೀಸನ್‌ನಲ್ಲಿ 17 ಮ್ಯಾಚ್ ಒಂದೂ ಗೋಲು ಬಿಡದವನನ್ನೇ ತೆಗೆದ್ರಲ್ಲ, ಇದೆಂತ ಕೋಚಿಂಗ್ ಮಾರಾಯ್ರೆ?" 2023ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಗೋಲ್ ಕೀಪರ್ ಡೇವಿಡ್ ಡಿ ಹೆಯಾ ಅವರ ಕೈಬಿಟ್ಟಾಗ ಎದ್ದ ಈ ಪ್ರಶ್ನೆ ಮಂಗಳೂರಿನ ದೇರಳಕಟ್ಟೆಯ ಹಾಸ್ಟೆಲುಗಳಲ್ಲೂ ಬಂದರಿನ ಚಾದಂಗಡಿಗಳಲ್ಲೂ ಇನ್ನೂ ಮುಗಿದಿಲ್ಲ. ನೆಹರೂ ಮೈದಾನದಲ್ಲಿ ಆಡುವ ಯಾವುದಾದರೂ ತಂಡದ ಕೋಚ್ ಹಳೆಯ ಕೀಪರನ್ನು ಹೊರಗೆ ಕೂರಿಸಿದರೆ ಅಲ್ಲೂ ಇದೇ ಮಾತು ಬರುತ್ತದೆ.

ಕಂಬಳ ನೋಡಿದವರಿಗೆ ಉತ್ತರದ ಅರ್ಧ ಭಾಗ ಗೊತ್ತೇ ಇದೆ. ಹಗ್ಗದ ಓಟದಲ್ಲಿ ಗೆದ್ದ ಜೋಡಿ ಎಂಬ ಒಂದೇ ಕಾರಣಕ್ಕೆ ಕೋಣಗಳನ್ನು ಯಾರೂ ಕನೆಹಲಗೆಗೆ ಇಳಿಸುವುದಿಲ್ಲ. ಅಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ನೀರು ಹಾರಬೇಕು. ಓಡುವ ಕರೆ ಅದೇ, ಕೆಸರೂ ಅದೇ, ಕೇಳುವ ಕೆಲಸ ಬೇರೆ. ಫುಟ್‌ಬಾಲ್‌ನಲ್ಲಿ ಕೀಪರನ ಕೆಲಸ ಹೀಗೆ ಬೇರೆಯಾಗಲು ಶುರುವಾದದ್ದು ಒಂದು ನಿಯಮದಿಂದ.

1992ರವರೆಗೆ ತನ್ನದೇ ತಂಡದವನು ಹಿಂದಕ್ಕೆ ಒದ್ದ ಚೆಂಡನ್ನು ಕೀಪರ್ ಆರಾಮವಾಗಿ ಕೈಗೆತ್ತಿಕೊಳ್ಳಬಹುದಿತ್ತು. ಮುನ್ನಡೆ ಸಿಕ್ಕಿದ ತಂಡ ಡಿಫೆಂಡರ್ ಮತ್ತು ಕೀಪರ್ ನಡುವೆ ಚೆಂಡು ಆಡಿಸುತ್ತಾ ಹೊತ್ತು ಕಳೆಯುತ್ತಿತ್ತು. ಆ ವರ್ಷ ಬ್ಯಾಕ್‌ಪಾಸ್ ನಿಯಮ ಬಂತು. ಬೇಕೆಂದೇ ಕಾಲಿನಿಂದ ಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಮುಟ್ಟಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. 2019ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಗೋಲ್ ಕಿಕ್ ಪೆನಾಲ್ಟಿ ಬಾಕ್ಸ್ ದಾಟಿ ಹೊರಗೆ ಹೋದ ಮೇಲಷ್ಟೇ ಬೇರೆಯವರು ಮುಟ್ಟಬಹುದಿತ್ತು. ಈಗ ಒದ್ದು ಚೆಂಡು ಅಲುಗಿದರೆ ಸಾಕು, ಸ್ವಂತ ತಂಡದ ಡಿಫೆಂಡರ್ ಬಾಕ್ಸ್ ಒಳಗೇ ಅದನ್ನು ತೆಗೆದುಕೊಳ್ಳಬಹುದು. ಎದುರಾಳಿಗಳು ಮಾತ್ರ ಅಲ್ಲಿಯವರೆಗೆ ಹೊರಗೆ ಕಾಯಬೇಕು. ಮೊದಲ ನಿಯಮ ಕೀಪರನನ್ನು ಕಾಲಿನಲ್ಲಿ ಆಡಲೇಬೇಕಾದ ಸ್ಥಿತಿಗೆ ತಂದರೆ, ಎರಡನೆಯದು ಹಾಗೆ ಆಡುವುದರಲ್ಲಿ ಲಾಭ ಇಟ್ಟಿತು.

ಆ ಲಾಭ ಬರೀ ಲೆಕ್ಕದ ವಿಷಯ. ಎದುರಾಳಿ ತಂಡ ಎಷ್ಟೇ ಮುಂದೆ ಬಂದು ಪ್ರೆಸ್ ಮಾಡಿದರೂ (ಚೆಂಡು ಕಸಿಯಲು ಮೈಮೇಲೆ ನುಗ್ಗಿದರೂ) ಅವರ ಕೀಪರ್ ಅವರ ಗೋಲಿನ ಕಡೆಯೇ ಉಳಿಯುತ್ತಾನೆ. ನಮ್ಮ ಅರ್ಧಕ್ಕೆ ಬರಬಲ್ಲವರು 10 ಜನ. ನಮ್ಮ ಕೀಪರ್ ಪಾಸಿಂಗ್‌ಗೆ ಸೇರಿದರೆ ನಾವು 11. ಎಲ್ಲೋ ಒಬ್ಬ ಖಾಲಿ ಇದ್ದೇ ಇರುತ್ತಾನೆ, ಅವನನ್ನು ಹುಡುಕಬೇಕು ಅಷ್ಟೆ. ಕೀಪರ್ ಕಣ್ಣು ಮುಚ್ಚಿ ಉದ್ದಕ್ಕೆ ಒದ್ದರೆ ಲೆಕ್ಕ ಹತ್ತಕ್ಕೆ ಹತ್ತು ಆಗುತ್ತದೆ. ಚೆಂಡು ಗಾಳಿಯಲ್ಲಿ, ಯಾರ ತಲೆಗೆ ಸಿಕ್ಕಿದರೆ ಅವರಿಗೆ.

ಒಂದು ಗೋಲ್ ಕಿಕ್ ತೆಗೆದುಕೊಂಡು ನೋಡೋಣ. ಕೀಪರ್ 5.5 ಮೀಟರಿನ ಸಣ್ಣ ಬಾಕ್ಸ್‌ನ ಗೆರೆ ಮೇಲೆ ಚೆಂಡು ಇಟ್ಟಿದ್ದಾನೆ. ಅವನ ಎರಡೂ ಬದಿಯಲ್ಲಿ ಪೆನಾಲ್ಟಿ ಬಾಕ್ಸ್ ಒಳಗೇ ಒಬ್ಬೊಬ್ಬ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್). ಸೈಡ್ ಲೈನ್ ಹತ್ತಿರ ಇಬ್ಬರು ಫುಲ್ ಬ್ಯಾಕ್ (ಬದಿಯ ಡಿಫೆಂಡರ್). ಬಾಕ್ಸ್‌ನ ಮುಂದಿನ ಅರ್ಧಚಂದ್ರದ ಹತ್ತಿರ, ಎದುರಾಳಿ ಸ್ಟ್ರೈಕರ್‌ನ ಬೆನ್ನ ಹಿಂದೆ, ಹೋಲ್ಡಿಂಗ್ ಮಿಡ್‌ಫೀಲ್ಡರ್, ಅಂದರೆ ಡಿಫೆಂಡರ್‌ಗಳ ಮುಂದೆಯೇ ನಿಲ್ಲುವ ಮಿಡ್‌ಫೀಲ್ಡರ್. ಕೀಪರ್ ಎಡ ಸೆಂಟರ್ ಬ್ಯಾಕಿಗೆ ಕೊಡುತ್ತಾನೆ, ಚೆಂಡು ಅವನಿಗೇ ವಾಪಸ್ ಬರುತ್ತದೆ. ಈಗ ಅವನು ಅಂಗಾಲನ್ನು ಚೆಂಡಿನ ಮೇಲಿಟ್ಟು ಸುಮ್ಮನೆ ನಿಲ್ಲುತ್ತಾನೆ. ನೋಡುವವರಿಗೆ ಎದೆ ಢವಢವ. "ಒದಿಯೋ ಮಾರಾಯ" ಎಂದು ಕೂಗು ಬೀಳುವುದೂ ಆಗಲೇ. ಅವನು ಸ್ಟ್ರೈಕರ್‌ಗಾಗಿ ಕಾಯುತ್ತಿದ್ದಾನೆ, ಅದು ಗಾಳಕ್ಕೆ ಸಿಕ್ಕಿಸಿದ ಎರೆ. ಸ್ಟ್ರೈಕರ್ ಬಾರದೆ ನಿಂತರೆ ಚೆಂಡನ್ನು ಕಾಲಲ್ಲೇ ತಳ್ಳುತ್ತಾ ಮುಂದೆ ನಡೆಯಬಹುದು. ಬಂದರೆ ಅವನು ಬಿಟ್ಟುಬಂದ ಜಾಗದಲ್ಲಿ ಹೋಲ್ಡಿಂಗ್ ಮಿಡ್‌ಫೀಲ್ಡರ್ ಖಾಲಿ. ಕೀಪರ್ ಅವನಿಗೆ ನೇರ ಪಾಸ್ ಕೊಡುತ್ತಾನೆ, ಅವನು ತಿರುಗಲು ಹೋಗದೆ ಒಂದೇ ಟಚ್‌ನಲ್ಲಿ ಬಲ ಸೆಂಟರ್ ಬ್ಯಾಕಿಗೆ ಬಿಡುತ್ತಾನೆ. ಪ್ರೆಸ್ ಮಾಡಲು ಬಂದ ಇಬ್ಬರು ಮೂವರು ಆಗಲೇ ಆಟದ ಹಿಂದೆ ಉಳಿದಿರುತ್ತಾರೆ.

ಎದುರಾಳಿಗಳು ಆಳಿಗೆ ಆಳು ಎಂದು ಎಲ್ಲರನ್ನೂ ಹಿಡಿದು ನಿಂತರೆ ಏನು? ಆಗ ಖಾಲಿ ಇರುವವನು ಕೀಪರನೇ, ಮತ್ತು ದೂರದಲ್ಲಿ ನಮ್ಮ ಸ್ಟ್ರೈಕರ್ ಒಬ್ಬ ಡಿಫೆಂಡರ್ ಜೊತೆ ಒಂಟಿ. ಉದ್ದದ ಒದೆತ ಸರಿಯಾದ ಉತ್ತರವಾಗುವುದು ಇಲ್ಲಿ. ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿರುತ್ತದೆ. ಸ್ಟ್ರೈಕರ್ ಡಿಫೆನ್ಸ್ ಲೈನ್ ದಾಟಿಯೇ ನಿಲ್ಲಬಹುದು. ಮ್ಯಾಂಚೆಸ್ಟರ್ ಸಿಟಿಯ ಎಡರ್ಸನ್ 2018ರಲ್ಲಿ ಡ್ರಾಪ್ ಕಿಕ್ ಒಂದನ್ನು 75.35 ಮೀಟರ್ ಒದ್ದು ಗಿನ್ನೆಸ್ ದಾಖಲೆ ಮಾಡಿದರು. ಅಂಥ ಕಾಲು ಹಿಂದೆ ಇದ್ದರೆ ಎದುರಾಳಿ ಡಿಫೆಂಡರ್‌ಗಳು ಪೂರ್ತಿ ಮುಂದೆ ಬರಲು ಹೆದರುತ್ತಾರೆ. ಅವರು ಹಿಂದೆ ಸರಿದಷ್ಟೂ ನಡುವೆ ಜಾಗ ಹಿಗ್ಗುತ್ತದೆ.

ಕೀಪರ್ ಎಲ್ಲಿ ನಿಲ್ಲುತ್ತಾನೆ

ಪಾಸಿಂಗ್ ಎಲ್ಲರ ಕಣ್ಣಿಗೆ ಬೀಳುತ್ತದೆ. ಚೆಂಡು ಇಲ್ಲದಾಗ ಕೀಪರ್ ನಿಲ್ಲುವ ಜಾಗ ಅದಕ್ಕಿಂತ ದೊಡ್ಡ ವಿಷಯ, ಆದರೆ ಟಿ.ವಿ.ಯಲ್ಲಿ ಕಾಣುವುದೇ ಇಲ್ಲ.

105 ಮೀಟರ್ ಉದ್ದದ ಮೈದಾನದಲ್ಲಿ ಗೋಲಿನಿಂದ ಮಧ್ಯದ ಗೆರೆಗೆ 52.5 ಮೀಟರ್. ಹೊಸ ಪದ್ಧತಿಯ ಕೋಚ್ ತನ್ನ ಡಿಫೆಂಡರ್‌ಗಳನ್ನು ಗೋಲಿನಿಂದ 45 ಮೀಟರ್ ದೂರದಲ್ಲಿ ನಿಲ್ಲಿಸುತ್ತಾನೆ ಎಂದುಕೊಳ್ಳಿ. ಅವರ ಬೆನ್ನ ಹಿಂದೆ ಹಾಕಿದ ಚೆಂಡು ಗೋಲಿನಿಂದ 28 ಮೀಟರ್ ಹತ್ತಿರ ನಿಧಾನವಾಗುತ್ತದೆ. ಓಟದಲ್ಲೇ ಇರುವ ಸ್ಟ್ರೈಕರ್ ಸೆಕೆಂಡಿಗೆ 7-8 ಮೀಟರ್ ವೇಗದಲ್ಲಿ ಆ 17 ಮೀಟರ್ ಓಡಲು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಕೀಪರ್ 18 ಮೀಟರ್ ಮುಂದೆ ನಿಂತಿದ್ದರೆ ಅವನು ಓಡಬೇಕಾದದ್ದು 10 ಮೀಟರ್, ನಿಂತಲ್ಲಿಂದ ಹೊರಟರೂ ಎರಡು ಸೆಕೆಂಡ್ ಆಸುಪಾಸು. ಕೂದಲೆಳೆಯಲ್ಲಿ ಮೊದಲು ಮುಟ್ಟುತ್ತಾನೆ. ಅದೇ ಅವನು ಗೋಲಿನಿಂದ 5 ಮೀಟರಲ್ಲಿ ನಿಂತಿದ್ದರೆ 23 ಮೀಟರ್ ಓಡಬೇಕು, ಅಷ್ಟರಲ್ಲಿ ಕತೆ ಮುಗಿದಿರುತ್ತದೆ.

ಡಿಫೆಂಡರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಇರುವವನು ಗೆರೆ ಬಿಟ್ಟು ಬರುವ ಜಾತಿಯಲ್ಲ ಎಂದಾದರೆ, ಕೋಚ್ ಎಷ್ಟೇ ಕೂಗಿದರೂ ಅವರ ಕಾಲು ತಾನಾಗಿಯೇ ಹತ್ತು ಮೀಟರ್ ಹಿಂದೆ ಸರಿಯುತ್ತದೆ. ಮುಂದಿನವರು ಪ್ರೆಸ್‌ಗೆ ಹೋಗಿರುತ್ತಾರೆ, ಹಿಂದಿನವರು ಇಳಿದಿರುತ್ತಾರೆ, ಮಿಡ್‌ಫೀಲ್ಡ್ ಗಂಜಿಯ ಹಾಗೆ ತೆಳುವಾಗುತ್ತದೆ. ಪ್ರೇಕ್ಷಕರು ಬೈಯುವುದು ಮಿಡ್‌ಫೀಲ್ಡರ್‌ಗಳಿಗೆ. ಜರ್ಮನಿಯ ಕೀಪರ್ ಮ್ಯಾನುಯೆಲ್ ನೋಯರ್ 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಎದುರು ಬಾಕ್ಸ್ ಬಿಟ್ಟು ಹೊರಗೆ ಓಡಿ ಓಡಿ ಚೆಂಡು ತೆಗೆದದ್ದನ್ನು ಜನ ಇಂದಿಗೂ ಸಾಹಸವೆಂದು ಹೊಗಳುತ್ತಾರೆ. ಅದು ಜರ್ಮನಿಯ ಮುಂದೆ ಸರಿದು ನಿಂತ ಡಿಫೆನ್ಸ್ ಲೈನ್ ಬದುಕಿ ಉಳಿಯಲು ಬೇಕಾಗಿದ್ದ ಮಾಮೂಲಿ ಕೆಲಸ.

ಹಾರ್ಟ್, ಬ್ರಾವೊ, ಎಡರ್ಸನ್

ಎಲ್ಲರಿಗೂ ಗೊತ್ತಿರುವ ಉದಾಹರಣೆ 2016ರದ್ದು. ಜೋ ಹಾರ್ಟ್ 2006ರಿಂದ ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದವರು, ಎರಡು ಪ್ರೀಮಿಯರ್ ಲೀಗ್ ಗೆಲುವು, ನಾಲ್ಕು ಸಲ ಗೋಲ್ಡನ್ ಗ್ಲೌ (ಅತಿ ಹೆಚ್ಚು ಪಂದ್ಯಗಳಲ್ಲಿ ಗೋಲು ಬಿಡದ ಕೀಪರ್‌ಗೆ ಸಿಗುವ ಪ್ರಶಸ್ತಿ). ಹೊಸ ಕೋಚ್ ಪೆಪ್ ಗಾರ್ಡಿಯೋಲಾ ಬಂದವರೇ ಲೀಗ್‌ನ ಮೊದಲ ಮ್ಯಾಚಿನಲ್ಲಿ ವಿಲ್ಲಿ ಕಬಯೆರೊ ಅವರನ್ನು ಆಡಿಸಿದರು. ಆಗಸ್ಟ್ 24ರಂದು ಸ್ಟುವಾ ಬುಕಾರೆಸ್ಟ್ ಎದುರಿನ ಪಂದ್ಯಕ್ಕೆ ಹಾರ್ಟ್ ಕ್ಯಾಪ್ಟನ್ ಆಗಿ ಇಳಿದಾಗ ಇಡೀ ಸ್ಟೇಡಿಯಂ ಅವರ ಹೆಸರು ಕೂಗಿತು. ಅದು ವಿದಾಯವೆಂದು ಎಲ್ಲರಿಗೂ ಗೊತ್ತಿತ್ತು. ಬಾರ್ಸಿಲೋನಾದಿಂದ ಕ್ಲಾಡಿಯೊ ಬ್ರಾವೊ ಬಂದರು, ಹಾರ್ಟ್ ಎರವಲು ಆಟಗಾರನಾಗಿ ಇಟಲಿಯ ಟೊರಿನೊಗೆ ಹೋದರು.

ಆಮೇಲೆ ನಡೆದದ್ದು ಅಭಿಮಾನಿಗಳ ಕೈಗೆ ಕೋಲು ಕೊಟ್ಟ ಹಾಗಾಯಿತು. ಸೆಪ್ಟೆಂಬರ್ 10ರಂದು ಸಿಟಿ-ಯುನೈಟೆಡ್ ನಡುವಿನ ಮ್ಯಾಂಚೆಸ್ಟರ್ ಡರ್ಬಿಯಲ್ಲಿ ಬ್ರಾವೊ ಮೇಲಿಂದ ಬಂದ ಚೆಂಡನ್ನು ಕೈಚೆಲ್ಲಿದರು, ಯುನೈಟೆಡ್‌ನ ಇಬ್ರಾಹಿಮೋವಿಚ್ ಗೋಲು ಹೊಡೆದರು. ಸಿಟಿ 2-1ರಲ್ಲಿ ಗೆದ್ದದ್ದರಿಂದ ಬಚಾವ್. ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಬಾಕ್ಸ್ ಬಿಟ್ಟು ಹೊರಬಂದು ಕೊಟ್ಟ ಪಾಸ್ ನೇರ ಸುವಾರೆಜ್ ಕಾಲಿಗೆ. ತಿರುಗಿ ಬಂದ ಚೆಂಡನ್ನು ಬಾಕ್ಸ್ ಹೊರಗೇ ಕೈಯಿಂದ ತಡೆದು ರೆಡ್ ಕಾರ್ಡ್, ಫಲಿತಾಂಶ 4-0. ಜನವರಿಯಲ್ಲಿ ಎವರ್ಟನ್ ಎದುರು ಮತ್ತೆ 4-0 ಸೋಲು. ಆ ಸೀಸನ್ ಸಿಟಿಗೆ ಮೂರನೇ ಸ್ಥಾನ, ಒಂದು ಕಪ್ಪೂ ಇಲ್ಲ.

"ನೋಡಿ, ಹಾರ್ಟ್ ಇದ್ದಿದ್ದರೆ" ಎನ್ನುವ ವಾದ ಇಲ್ಲಿಂದ ಹುಟ್ಟುತ್ತದೆ. ಹಾರ್ಟ್ ಕೂಡ ಆ ಜೂನ್‌ನಲ್ಲೇ ಯೂರೋ ಕಪ್‌ನಲ್ಲಿ ಐಸ್‌ಲ್ಯಾಂಡ್ ಎದುರು ಸುಲಭದ ಚೆಂಡು ಬಿಟ್ಟಿದ್ದರು ಎಂಬುದು ಇರಲಿ. ಆ ವರ್ಷದ ಸಿಟಿಯಲ್ಲಿ ಕೀಪರ್ ಹೊಸಬ, ಆದರೆ ಫುಲ್ ಬ್ಯಾಕ್‌ಗಳು ಹಳಬರು. ಜಬಲೆಟಾ, ಸಾನ್ಯಾ, ಕ್ಲಿಷಿ, ಕೊಲರೊವ್ ನಾಲ್ವರೂ ಮೂವತ್ತು ದಾಟಿದವರು. ಕೀಪರ್ ಪಾಸ್ ಕೊಡಲು ನೋಡುವಾಗ ಜಾಗ ಬಿಡಿಸಿಕೊಂಡು ನಿಲ್ಲುವುದು, ಚೆಂಡು ಕಳೆದರೆ ಐವತ್ತು ಮೀಟರ್ ಹಿಂದಕ್ಕೆ ಓಡುವುದು, ಎರಡೂ ಅವರ ಕೆಲಸ. ಜೊತೆಗೆ ಬ್ರಾವೊಗೆ ಕಾಲು ಇತ್ತು, ಆದರೆ ಶಾಟ್ ತಡೆಯುವ ಮೂಲ ಕಸುಬು ಕೈಕೊಟ್ಟಿತು. 2017ರ ಬೇಸಿಗೆಯಲ್ಲಿ ಸಿಟಿ ಬೆನ್ಫಿಕಾದಿಂದ ಎಡರ್ಸನ್ ಅವರನ್ನು ತಂದಿತು, ಜೊತೆಗೇ ವಾಕರ್, ಮೆಂಡಿ, ಡ್ಯಾನಿಲೊ ಎಂದು ಮೂವರು ಫುಲ್ ಬ್ಯಾಕ್‌ಗಳನ್ನೂ ತಂದಿತು. 2017-18ರಲ್ಲಿ 100 ಅಂಕ, 106 ಗೋಲು. ಹೊಗಳಿಕೆಯೆಲ್ಲ ಎಡರ್ಸನ್ ಕಾಲಿಗೆ ಹೋಯಿತು. ಆ ಮೂವರಿಗೂ ಸ್ವಲ್ಪ ಹೋಗಬೇಕಿತ್ತು.

ಡಿ ಹೆಯಾ ವಿಷಯಕ್ಕೆ ಬಂದರೆ, 2022-23ರಲ್ಲಿ 17 ಕ್ಲೀನ್ ಶೀಟ್ (ಗೋಲು ಬಿಡದ ಪಂದ್ಯ), ಗೋಲ್ಡನ್ ಗ್ಲೌ ಎಲ್ಲ ನಿಜ. ಅದೇ ಸೀಸನ್‌ನ ಏಪ್ರಿಲ್ 20ರಂದು ಸೆವಿಯಾದಲ್ಲಿ ನಡೆದದ್ದೂ ನಿಜ. ಬಾಕ್ಸ್ ಮುಂದೆ ಬೆನ್ನು ತಿರುಗಿಸಿ ನಿಂತಿದ್ದ ತಮ್ಮದೇ ಡಿಫೆಂಡರ್ ಮ್ಯಾಗ್ವೈರ್‌ಗೆ ಅವರು ಪಾಸ್ ಕೊಟ್ಟರು, ಸುತ್ತ ಎದುರಾಳಿಗಳು, ಚೆಂಡು ಹೋಯಿತು, ಗೋಲು. ಕೊನೆಗೆ ಗೆರೆ ಬಿಟ್ಟು ಹೊರಬಂದು ಚೆಂಡು ಹತೋಟಿಗೆ ಸಿಗದೆ ಇನ್ನೊಂದು ಗೋಲು. ಯುನೈಟೆಡ್ 3-0ರಲ್ಲಿ ಸೋತು ಯುರೋಪಾ ಲೀಗ್‌ನಿಂದ ಹೊರಬಿತ್ತು. ಹೊಸ ಪದ್ಧತಿ ಕೇಳುವ ಎರಡು ಕೆಲಸಗಳಲ್ಲೇ, ಪಾಸ್ ಆಯ್ಕೆಯಲ್ಲೂ ಮುಂದೆ ಬರುವುದರಲ್ಲೂ, ಅವರು ಎಡವಿದ್ದು ಹೀಗೆ. ಆದರೆ ಅವರ ಜಾಗಕ್ಕೆ ಬಂದ ಒನಾನಾ ಕೂಡ ಮುಂದಿನ ಚಾಂಪಿಯನ್ಸ್ ಲೀಗ್‌ನಲ್ಲಿ ತಡೆಯಬೇಕಾದ ಫ್ರೀ ಕಿಕ್‌ಗಳನ್ನೇ ಬಿಟ್ಟರು. ಗುಂಪಿನ 6 ಪಂದ್ಯಗಳಲ್ಲಿ ತಂಡ 15 ಗೋಲು ಬಿಟ್ಟುಕೊಟ್ಟು ಕೊನೆಯ ಸ್ಥಾನದಲ್ಲಿ ನಿಂತಿತು. ಕಾಲು ನೋಡಿ ತಂದವನ ಕೈಯನ್ನೂ ನೋಡಬೇಕು.

ಆರ್ಸೆನಲ್‌ನಲ್ಲಿ ರಾಮ್ಸ್‌ಡೇಲ್ ಬದಲಿಗೆ ಡೇವಿಡ್ ರಾಯಾ ಬಂದಾಗಲೂ ಮೊದಲ ಎರಡು ತಿಂಗಳು ಇದೇ ಗೊಣಗಾಟ. ಕೋಚ್ ಆರ್ಟೆಟಾ ಮನಸ್ಸು ಬದಲಿಸಲಿಲ್ಲ. 2023-24 ಮುಗಿಯುವಾಗ ರಾಯಾ 16 ಕ್ಲೀನ್ ಶೀಟ್‌ನೊಂದಿಗೆ ಗೋಲ್ಡನ್ ಗ್ಲೌ ಗೆದ್ದಿದ್ದರು.

ಇನ್ನು ತಮಾಷೆ ನೋಡಿ. 2025ರ ಆಗಸ್ಟ್‌ನಲ್ಲಿ, ಚಾಂಪಿಯನ್ಸ್ ಲೀಗ್ ಗೆದ್ದು ಮೂರು ತಿಂಗಳೂ ಆಗಿರದ ಹೊತ್ತಿನಲ್ಲಿ, ಪ್ಯಾರಿಸ್ ಸೇಂಟ್ ಜರ್ಮನ್ ಕೋಚ್ ಲೂಯಿಸ್ ಎನ್ರಿಕೆ ತಮಗೆ ಬೇರೆ ಬಗೆಯ ಕೀಪರ್ ಬೇಕೆಂದು ಜಿಯಾನ್‌ಲೂಯಿಜಿ ಡೊನ್ನರುಮ್ಮ ಅವರನ್ನು ಹೊರಗಿಟ್ಟರು. ಅವರ ಜಾಗದಲ್ಲಿ ಕಾಲಿನ ಆಟ ಬಲ್ಲ ಲೂಕಾ ಶೆವಾಲಿಯೆ. ಆ ಡೊನ್ನರುಮ್ಮ ಅವರನ್ನು ಕೊಂಡವರು ಯಾರು? ಒಂಬತ್ತು ವರ್ಷಗಳ ಹಿಂದೆ ಹಾರ್ಟ್ ಅವರನ್ನು ಕಳಿಸಿದ್ದ ಅದೇ ಗಾರ್ಡಿಯೋಲಾ. ಎಡರ್ಸನ್ ತುರ್ಕಿಯ ಫೆನರ್‌ಬಾಚೆಗೆ ಹೋದರು. ಇದನ್ನು ಎಡಬಿಡಂಗಿತನವೆಂದು ನಗುವ ಮೊದಲು ಮೇಲಿನ ಗೋಲ್ ಕಿಕ್ ಲೆಕ್ಕ ನೆನಪಿಸಿಕೊಳ್ಳಿ. ಎದುರಾಳಿಗಳು ಮೈದಾನದುದ್ದಕ್ಕೂ ಆಳಿಗೆ ಆಳು ಹಿಡಿಯುವುದನ್ನು ಕಲಿತ ಮೇಲೆ ಹತ್ತಿರದ ಪಾಸ್‌ಗಳ ಲಾಭ ಕರಗುತ್ತದೆ. ಕಾರ್ನರ್, ಉದ್ದದ ಥ್ರೋ, ಒಬ್ಬನೇ ನುಗ್ಗಿ ಬರುವ ಸ್ಟ್ರೈಕರ್, ಇವುಗಳನ್ನು ತಡೆಯುವವನ ಬೆಲೆ ಏರುತ್ತದೆ. ಆಟ ಬದಲಾದಾಗ ಕೀಪರ್ ಬಗೆಯೂ ಬದಲಾಗಬೇಕೆಂಬ ಲೆಕ್ಕ ಎರಡೂ ಸಲ ಒಂದೇ ಇತ್ತು.

ನಮ್ಮ ಮೈದಾನದಲ್ಲಿ

ಇದನ್ನೆಲ್ಲ ಫೋನಿನಲ್ಲಿ ನೋಡಿ ಕಾಲೇಜು ತಂಡಕ್ಕೋ ಕ್ಲಬ್ ತಂಡಕ್ಕೋ ತರಲು ಹೊರಟವರು ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕೀಪರ್‌ಗೆ 20 ಬ್ಯಾಕ್‌ಪಾಸ್ ಕೊಡಿಸಿ, ಎಡದಿಂದ 10, ಬಲದಿಂದ 10. ಪ್ರತಿ ಪಾಸ್ ಜೊತೆ ಒಬ್ಬ ಹುಡುಗ 10 ಮೀಟರಿನಿಂದ ಅವನತ್ತ ಓಡಿಬರಲಿ. 20 ಮೀಟರ್ ದೂರದಲ್ಲಿ ಎರಡು ಕೋನ್ ಇಟ್ಟು 2 ಮೀಟರಿನ ಬಾಗಿಲು ಮಾಡಿ, ಎರಡೇ ಟಚ್‌ನಲ್ಲಿ ಅದರೊಳಗೆ ಪಾಸ್ ಹೋಗಬೇಕು. 20ರಲ್ಲಿ 15 ಹೋಗದಿದ್ದರೆ ಪಂದ್ಯದಲ್ಲಿ ಈ ಆಟ ಬೇಡ. ನಿಮ್ಮ ಜನಪ್ರಿಯ ಕೀಪರ್‌ಗೇ ಒಂದು ತಿಂಗಳು ಕಲಿಸಿ, ಆಮೇಲೆ ಮತ್ತೆ ಎಣಿಸಿ. ಎಷ್ಟೋ ಸಲ ಬದಲಾಯಿಸುವ ಅಗತ್ಯವೇ ಬರುವುದಿಲ್ಲ.

ಸಾಮಾನ್ಯವಾಗಿ ತಪ್ಪುವುದು ಮೊದಲ ಟಚ್. ಎಡದಿಂದ ಬಂದ ಪಾಸನ್ನು ಕೀಪರ್ ಎಡಗಾಲಲ್ಲೇ ನಿಲ್ಲಿಸಿದರೆ ಅವನ ಮೈ ಬಂದ ದಿಕ್ಕಿಗೇ ಮುಖ ಮಾಡಿರುತ್ತದೆ, ಬಲಗಡೆ ಖಾಲಿ ಇರುವವನು ಕಾಣುವುದೇ ಇಲ್ಲ. ಚೆಂಡನ್ನು ಮೈ ಮುಂದೆ ದಾಟಲು ಬಿಟ್ಟು ಬಲಗಾಲಿಗೆ ತೆಗೆದುಕೊಂಡರೆ ಎದೆ ತಾನಾಗಿ ಬಲಕ್ಕೆ ತೆರೆದುಕೊಳ್ಳುತ್ತದೆ. ಇನ್ನೊಂದು ತಪ್ಪು ಡಿಫೆಂಡರ್‌ದು. ಬ್ಯಾಕ್‌ಪಾಸನ್ನು ಎಂದೂ ಎರಡು ಕಂಬಗಳ ನಡುವಿನ ನೇರಕ್ಕೆ ಕೊಡಬಾರದು. ಕಂಬದಿಂದ ಹೊರಗಿನ ನೇರಕ್ಕೆ ಕೊಡಬೇಕು, ಕೀಪರ್ ಅಲ್ಲಿಗೆ ಸರಿದು ನಿಲ್ಲಬೇಕು. ಕಾಲಿಗೆ ಸಿಗದೆ ಜಾರಿದರೂ ಕಾರ್ನರ್‌ನಲ್ಲಿ ಮುಗಿಯುತ್ತದೆ. 7.32 ಮೀಟರ್ ಅಗಲದ ಬಾಯಿಯ ಎದುರೇ ಪಾಸ್ ಕೊಟ್ಟು ಸ್ವಂತ ಗೋಲು ಮಾಡಿಕೊಳ್ಳುವ ತಂಡಗಳಿಗೆ ಬರವಿಲ್ಲ.

ಆಮೇಲೆ ಭಾಷೆ. ನಮ್ಮ ತಂಡಗಳಲ್ಲಿ ಒಬ್ಬ ತುಳುವಿನಲ್ಲಿ ಕೂಗುತ್ತಾನೆ, ಇನ್ನೊಬ್ಬ ಬ್ಯಾರಿಯಲ್ಲಿ, ಕೇರಳದ ಹುಡುಗ ಮಲಯಾಳದಲ್ಲಿ. ಗಲಾಟೆಯಲ್ಲಿ ಯಾವುದೂ ಕಿವಿಗೆ ಬೀಳುವುದಿಲ್ಲ. ಮೂರು ಕೂಗು ನಿಗದಿ ಮಾಡಿ: ಹಿಂದೆ ಆಳಿದ್ದಾನೆ, ಹೊತ್ತಿದೆ, ಒದೆ. ಯಾವ ಭಾಷೆಯಾದರೂ ಸರಿ, ಎಲ್ಲರಿಗೂ ಒಂದೇ ಇರಲಿ. ಇದೇ ಕಾರಣಕ್ಕೆ ಎರಡು ಕೀಪರ್‌ಗಳನ್ನು ಪಂದ್ಯಕ್ಕೊಬ್ಬರಂತೆ ಆಡಿಸುವ ರಾಜಿಸೂತ್ರ ಕೆಟ್ಟದ್ದು. ಹಿಂದಿನಿಂದ ಬರುವ ದನಿ ಯಾರದು, ಅವನು ಎಷ್ಟು ಮುಂದೆ ನಿಂತಿರುತ್ತಾನೆ ಎಂಬುದು ಡಿಫೆಂಡರ್‌ಗಳಿಗೆ ನೋಡದೆಯೇ ಗೊತ್ತಿರಬೇಕು.

ಅಭ್ಯಾಸಕ್ಕೆ ಅರ್ಧ ಮೈದಾನ ಸಾಕು. ಕೀಪರ್, ನಾಲ್ಕು ಡಿಫೆಂಡರ್, ಒಬ್ಬ ಹೋಲ್ಡಿಂಗ್ ಮಿಡ್‌ಫೀಲ್ಡರ್ ಒಂದು ಕಡೆ, ಪ್ರೆಸ್ ಮಾಡುವ ನಾಲ್ವರು ಇನ್ನೊಂದು ಕಡೆ. ದಿನಕ್ಕೆ 12 ಗೋಲ್ ಕಿಕ್. ಗೋಲಿನಿಂದ 35 ಮೀಟರಿನ ಗೆರೆ ದಾಟಿಸಿದರೆ ಗೆಲುವು, ನಡುವೆ ಕಳೆದುಕೊಂಡರೆ ಎದುರಾಳಿ ಕೂಡಲೇ ಶಾಟ್ ಹೊಡೆಯಬಹುದು. ಒಂದು ವಾರದ ನಂತರ ಪ್ರೆಸ್ ಮಾಡುವವರು ಐದು, ಮತ್ತೊಂದು ವಾರಕ್ಕೆ ಆರು. ಆರಾದ ದಿನ ಉದ್ದಕ್ಕೆ ಒದೆಯುವುದು ಯಾವಾಗ ಎಂಬುದು ಹೇಳಿಕೊಡದೆಯೇ ತಿಳಿಯುತ್ತದೆ.

ನಮ್ಮಲ್ಲೀಗ ಟರ್ಫ್‌ಗಳಲ್ಲಿ ಐದೈದು ಜನರ ಆಟ ಆಡಿ ಬೆಳೆದ ಕೀಪರ್‌ಗಳು ಬಹಳ. ಚಿಕ್ಕ ಜಾಗ, ಸದಾ ಕಾಲಿಗೆ ಚೆಂಡು, ಹಾಗಾಗಿ ಪಾಸಿಂಗ್ ಚೊಕ್ಕ. ಆದರೆ ಆ ಬಲೆಯ ಪಂಜರದಲ್ಲಿ 30 ಮೀಟರಿನಿಂದ ತೇಲಿಬರುವ ಕ್ರಾಸ್ ಎಂಬುದು ಇಲ್ಲವೇ ಇಲ್ಲ. ಅಂಥವನನ್ನು ನೇರ 2.44 ಮೀಟರ್ ಎತ್ತರದ ಗೋಲಿನ ಮುಂದೆ ನಿಲ್ಲಿಸಿದರೆ ಮೊದಲ ಕಾರ್ನರ್‌ಗೇ ಬ್ರಾವೊನ ಡರ್ಬಿ ಇಲ್ಲಿಯೂ ಆಗುತ್ತದೆ. ಹೊಸ ಕೀಪರ್ ಬರುವುದಿದ್ದರೆ ದಿನಕ್ಕೆ 30 ಕ್ರಾಸ್ ಹಿಡಿಸುವುದು ಪಾಸಿಂಗ್‌ನಷ್ಟೇ ಮುಖ್ಯ, ಹಿಡಿಯುವಾಗ ಇಬ್ಬರು ಮೈಗೆ ತಾಗಿಕೊಂಡೇ ಇರಲಿ.

ಹಳೆಯ ಕೀಪರ್‌ಗೆ ವಿಷಯ ತಂಡದ ಪಟ್ಟಿ ಓದುವ ಮೊದಲೇ, ಒಬ್ಬನನ್ನೇ ಕರೆದು ಹೇಳಬೇಕು. "ಫಾರ್ಮ್ ಇಲ್ಲ" ಎಂದು ತೇಲಿಸಬೇಡಿ, ಅದು ಸುಳ್ಳೆಂದು ಅವನಿಗೇ ಗೊತ್ತಿರುತ್ತದೆ. 20ಕ್ಕೆ ಎಷ್ಟು ಪಾಸ್ ಹೋಯಿತು, ಎಷ್ಟು ಮುಂದೆ ನಿಲ್ಲಬೇಕಿತ್ತು ಎಂಬ ಅಂಕಿ ಇಟ್ಟು ಮಾತಾಡಿದರೆ ಸಿಟ್ಟು ಬಂದರೂ ಅವಮಾನ ಆಗುವುದಿಲ್ಲ. ಅವನನ್ನು ತಂಡದಲ್ಲಿ ಉಳಿಸಿಕೊಳ್ಳಲು ಇನ್ನೊಂದು ಕಾರಣ ಉಂಟು, ಅದು ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹುಲ್ಲು ಬರೀ ಒದ್ದೆ ಇದ್ದಾಗ ಚೆಂಡು ಜಾರಿ ವೇಗವಾಗಿ ಬರುತ್ತದೆ, ನೀರು ನಿಂತ ಕಡೆ ಕಚ್ಚಿಕೊಂಡು ನಿಲ್ಲುತ್ತದೆ. ಒಂದೇ ಬಾಕ್ಸ್ ಒಳಗೆ ಎರಡೂ ಇರುತ್ತದೆ. ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಕೋಚ್ ಎರಡೂ ಬಾಕ್ಸ್‌ನಲ್ಲಿ 15 ಮೀಟರಿನ ನಾಲ್ಕು ಪಾಸ್ ಹೊಡೆದು ನೋಡಬೇಕು. ಎರಡು ನಡುವೆಯೇ ನಿಂತರೆ ಆ ದಿನ ಹಿಂದಿನಿಂದ ಕಟ್ಟುವ ಆಟ ಇಲ್ಲ, ಡಿಫೆನ್ಸ್ ಲೈನ್ ಹತ್ತು ಮೀಟರ್ ಹಿಂದೆ, ಚೆಂಡು ಉದ್ದಕ್ಕೆ, ಗೋಲಿನಲ್ಲಿ ಹಳೆಯ ಕೀಪರ್.